‘ಎಸ್‌ಟಿ-01:’ — ವಾದ್ಯದ ಹೆಸರಿನ ಮುಂದಿನ ಈ ಗುರುತು ಏನು?

ಅಮಿಗಾ ಎಂಬ ಹಳೆಯ ಗೃಹ ಕಂಪ್ಯೂಟರಿನ ಕಾಲದ ಟ್ರ್ಯಾಕರ್ (ಚಿಕ್ಕ ಧ್ವನಿತುಣುಕುಗಳನ್ನು ಜೋಡಿಸಿ ಸಂಗೀತ ಹೆಣೆಯುವ ತಂತ್ರಾಂಶ) ಹಾಡೊಂದನ್ನು ತೆರೆದರೆ ವಾದ್ಯಗಳ ಪಟ್ಟಿಯಲ್ಲಿ ‘ಎಸ್‌ಟಿ-01:ಸ್ಟ್ರಿಂಗ್ಸ್6’ ಎಂಬಂಥ ಹೆಸರುಗಳು ಸಾಲಾಗಿ ಕಾಣುತ್ತವೆ. ಕೆಲವು ಸಲ ಹೆಸರು ಮಾತ್ರವೇ ಇರುತ್ತದೆ. ಪ್ಲೇ ಒತ್ತಿದರೆ ಸ್ವರಗಳು ಪರದೆಯ ಮೇಲೆ ಓಡುತ್ತವೆ, ಸದ್ದಿಲ್ಲ. ಅಥವಾ ‘ಎಸ್‌ಟಿ-01 ವಾಲ್ಯೂಮನ್ನು ಯಾವುದಾದರೂ ಡ್ರೈವಿಗೆ ಹಾಕಿ’ ಎಂಬ ಪೆಟ್ಟಿಗೆ ಎದುರಿಗೆ ಬಂದು ನಿಲ್ಲುತ್ತದೆ. ಇಲ್ಲಿ ವಾಲ್ಯೂಮ್ ಎಂದರೆ ಸದ್ದಿನ ಮಟ್ಟವಲ್ಲ, ಡಿಸ್ಕ್.

ಎಸ್‌ಟಿ ಎಂದರೆ ಸೌಂಡ್‌ಟ್ರ್ಯಾಕರ್. ಅದೇ ಕಾಲದ ಅಟಾರಿ ಎಸ್‌ಟಿ ಕಂಪ್ಯೂಟರಿಗೂ ಇದಕ್ಕೂ ಸಂಬಂಧವಿಲ್ಲ. 1987ರಲ್ಲಿ ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ಅಮಿಗಾಕ್ಕೆಂದು ಬರೆದ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್‌ನ ವಾದ್ಯಗಳ ಫ್ಲಾಪಿಯ ಹೆಸರು ಎಸ್‌ಟಿ-01. ತಂತಿವಾದ್ಯ, ಬಾಸ್, ಡ್ರಮ್ ಮುಂತಾದವುಗಳ ಚಿಕ್ಕ ಧ್ವನಿತುಣುಕುಗಳು, ಅಂದರೆ ಸ್ಯಾಂಪಲ್‌ಗಳು, ಅದರಲ್ಲಿದ್ದವು. ಆಮೇಲೆ ಹವ್ಯಾಸಿಗಳು ಅದೇ ಕ್ರಮದಲ್ಲಿ ಸಂಖ್ಯೆ ಕೊಟ್ಟು ಇನ್ನಷ್ಟು ಡಿಸ್ಕ್‌ಗಳನ್ನು ತುಂಬಿದರು.

ಇಲ್ಲಿ ಮುಖ್ಯವಾದದ್ದು ಕೋಲನ್. ಅಮಿಗಾದ ಡಿಸ್ಕ್ ವ್ಯವಸ್ಥೆಯಾದ ಅಮಿಗಾಡಾಸ್‌ನಲ್ಲಿ ಕೋಲನ್‌ನ ಎಡಕ್ಕೆ ಬರುವುದು ‘ಡಿಎಫ್0:’ ಥರ ಡ್ರೈವಿನ ಹೆಸರಾಗಿರಬಹುದು, ಡಿಸ್ಕಿನ ಒಳಗೇ ಬರೆದಿರುವ ವಾಲ್ಯೂಮ್ ಹೆಸರಾಗಿರಬಹುದು, ಇಲ್ಲವೇ ಅಸೈನ್ ಆಜ್ಞೆಯಿಂದ ಯಾವುದೋ ಫೋಲ್ಡರಿಗೆ ಕೊಟ್ಟುಕೊಂಡ ಹೆಸರಾಗಿರಬಹುದು. ಎಸ್‌ಟಿ-01: ಎನ್ನುವುದು ವಾಲ್ಯೂಮ್ ಹೆಸರು. ಫ್ಲಾಪಿಯ ಮೇಲಿನ ಚೀಟಿಯಲ್ಲಿ ಏನೇ ಬರೆದಿದ್ದರೂ ಯಂತ್ರಕ್ಕೆ ಅದು ಲೆಕ್ಕಕ್ಕಿಲ್ಲ. ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಫೈಲುಗಳನ್ನಷ್ಟೇ ನಕಲು ಮಾಡಿದವರು ಈ ಒಳಹೆಸರನ್ನು ಮರೆತಿದ್ದರೆ, ಒಳಗೆ ಎಲ್ಲ ಸ್ಯಾಂಪಲ್‌ಗಳಿದ್ದರೂ ಟ್ರ್ಯಾಕರ್ ಡಿಸ್ಕ್ ಹಾಕಿ ಎಂದು ಕೇಳುತ್ತಲೇ ಇರುತ್ತದೆ. ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸ ಅಮಿಗಾಡಾಸ್‌ಗೆ ಬೇಕಿಲ್ಲ. ಆದರೆ ಹೈಫನ್ ಬಿಟ್ಟುಹೋದರೆ ಅದು ಬೇರೆಯೇ ಡಿಸ್ಕ್.

ಸರಿಪಡಿಸಲು ಎರಡು ದಾರಿಗಳಿವೆ. ಡಿಸ್ಕಿನ ಹೆಸರನ್ನೇ ಬದಲಿಸುವುದಾದರೆ, ಆಜ್ಞೆ ಟೈಪಿಸುವ ಕಿಟಕಿಯಾದ ಶೆಲ್‌ನಲ್ಲಿ ‘ರೀಲೇಬಲ್ ಡಿಎಫ್0: ಎಸ್‌ಟಿ-01’. ಸ್ಯಾಂಪಲ್‌ಗಳು ಹಾರ್ಡ್ ಡಿಸ್ಕಿನಲ್ಲಿದ್ದರೆ ‘ಅಸೈನ್ ಎಸ್‌ಟಿ-01: ಡಿಎಚ್0:ಸ್ಯಾಂಪಲ್ಸ್/ಎಸ್‌ಟಿ-01’. ಎರಡನೆಯದು ಯಂತ್ರ ಆಫ್ ಮಾಡಿದರೆ ಹೋಗಿಬಿಡುತ್ತದೆ; ನಿತ್ಯ ಬಳಸುವವರು ಆ ಸಾಲನ್ನು, ಯಂತ್ರ ಶುರುವಾದಾಗ ಓಡುವ ಸ್ಟಾರ್ಟಪ್-ಸೀಕ್ವೆನ್ಸ್ ಫೈಲಿಗೆ ಸೇರಿಸಿಕೊಳ್ಳಬೇಕು. ಪಿಸಿಯಲ್ಲಿ ಅಮಿಗಾವನ್ನು ಅನುಕರಿಸುವ ವಿನ್‌ಯುಎಇ ಎಮ್ಯುಲೇಟರ್ ಬಳಸುವವರಿಗೆ ಇನ್ನೂ ಸುಲಭ: ವಿಂಡೋಸ್‌ನ ಫೋಲ್ಡರೊಂದನ್ನು ಹಾರ್ಡ್ ಡ್ರೈವ್ ಆಗಿ ಸೇರಿಸುವಾಗ ವಾಲ್ಯೂಮ್ ಲೇಬಲ್ ಜಾಗದಲ್ಲಿ ಕೋಲನ್ ಇಲ್ಲದೆ ಎಸ್‌ಟಿ-01 ಎಂದು ತುಂಬಿದರೆ ಆಯಿತು.

ಆದರೆ ಇದಕ್ಕೆಲ್ಲ ಕೈಹಾಕುವ ಮೊದಲು ಕೈಯಲ್ಲಿರುವುದು ‘ಸಾಂಗ್’ ಫೈಲೋ ‘ಮಾಡ್ಯೂಲ್’ ಫೈಲೋ ನೋಡಿಕೊಳ್ಳಬೇಕು. ಸಾಂಗ್‌ನಲ್ಲಿ ಸ್ವರಗಳೂ ವಾದ್ಯಗಳ ಹೆಸರುಗಳೂ ಇರುತ್ತವೆ, ಸದ್ದು ಇರುವುದಿಲ್ಲ. ಅದನ್ನು ಎಸ್‌ಟಿ ಡಿಸ್ಕಿನಿಂದಲೇ ತರಬೇಕು. ಮಾಡ್ಯೂಲ್‌ನಲ್ಲಿ ಸ್ಯಾಂಪಲ್‌ಗಳೂ ಅದೇ ಫೈಲಿನ ಕೊನೆಯಲ್ಲಿರುತ್ತವೆ. ಅಲ್ಲಿ ಎಸ್‌ಟಿ-01: ಎನ್ನುವುದು ಸ್ಯಾಂಪಲ್ ಎಲ್ಲಿಂದ ಬಂತು ಎಂಬುದರ ಕುರುಹು ಮಾತ್ರ, ಡಿಸ್ಕ್ ಬೇಕಿಲ್ಲ. ಹೆಸರಿಗೆ ಇರುವ ಜಾಗ 22 ಬೈಟ್. ‘ಎಸ್‌ಟಿ-01:’ಗೆ ಇಂಗ್ಲಿಷ್ ಲಿಪಿಯಲ್ಲಿ 6 ಹೋಗಿ ಉಳಿಯುವುದು 16. ಮುಂದೆ ಸಂಗೀತಗಾರರು ಈ ಜಾಗಗಳಲ್ಲಿ ಗೆಳೆಯರಿಗೆ ನಮಸ್ಕಾರ, ತಮ್ಮ ಊರು, ಹಾಡು ಮುಗಿಸಿದ ದಿನ ಎಲ್ಲ ಬರೆಯತೊಡಗಿದರು. ಅಂಥ ಸಾಲುಗಳ ವಾದ್ಯ ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ.

ಫೈಲು ಯಾವ ಬಗೆಯದು ಎಂದು ಅದರ ಗಾತ್ರದಿಂದಲೇ ಹೇಳಬಹುದು. 31 ವಾದ್ಯಗಳ ಮಾದರಿಯಲ್ಲಿ ಮೊದಲು ಹಾಡಿನ ಹೆಸರಿಗೆ 20 ಬೈಟ್, ಪ್ರತಿ ವಾದ್ಯದ ವಿವರಕ್ಕೆ 30ರಂತೆ 930, ಹಾಡಿನ ಉದ್ದ ಮತ್ತು ಮರುಆರಂಭಕ್ಕೆ 2, ಪ್ಯಾಟರ್ನ್‌ಗಳ, ಅಂದರೆ ಹಾಡಿನ ಸ್ವರಗಳ ತುಂಡುಗಳ, ಕ್ರಮಕ್ಕೆ 128. ಒಟ್ಟು 1080. ಅಲ್ಲಿ ‘ಎಂ.ಕೆ.’ ಎಂಬ 4 ಬೈಟಿನ ಗುರುತು. ನಂತರ 1084ರಿಂದ ಪ್ಯಾಟರ್ನ್‌ಗಳು, ಒಂದೊಂದಕ್ಕೆ 1024 ಬೈಟ್. 128ರ ಕ್ರಮಪಟ್ಟಿಯಲ್ಲಿ ಕಾಣುವ ಅತಿ ದೊಡ್ಡ ಸಂಖ್ಯೆಗೆ 1 ಸೇರಿಸಿದರೆ ಎಷ್ಟು ಪ್ಯಾಟರ್ನ್ ಎಂಬುದು ಸಿಗುತ್ತದೆ. 20 ಪ್ಯಾಟರ್ನ್ ಇದ್ದರೆ 1084 + 20480 = 21564. ಫೈಲು ಸರಿಯಾಗಿ ಅಷ್ಟೇ ಇದ್ದರೆ ಅದು ಸಾಂಗ್.

ಅದಕ್ಕಿಂತ ದೊಡ್ಡದಿದ್ದರೆ ಮುಂದಿನ ಲೆಕ್ಕ. ಫೈಲಿನ ಬೈಟುಗಳನ್ನು ನೇರವಾಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ, ಸೊನ್ನೆಯಿಂದ ಎಣಿಸಿ, 42 ಮತ್ತು 43ನೇ ಬೈಟ್ ನೋಡಿ: ಮೊದಲ ವಾದ್ಯದ ಉದ್ದ ಅಲ್ಲಿದೆ. ‘13 88’ ಎಂದಿದ್ದರೆ ದಶಮಾನದಲ್ಲಿ 5000. ಇದು ಬೈಟ್ ಅಲ್ಲ, 2 ಬೈಟಿನ ವರ್ಡ್. ಅಂದರೆ 10000 ಬೈಟ್. ಅಲ್ಲಿಂದ 30 ಬೈಟಿಗೊಂದರಂತೆ ಮುಂದಿನ ವಾದ್ಯಗಳ ಉದ್ದ ಸಿಗುತ್ತದೆ. ಎಲ್ಲವನ್ನೂ ಕೂಡಿಸಿ 21564ಕ್ಕೆ ಸೇರಿಸಿದಾಗ ಬರುವ ಮೊತ್ತಕ್ಕಿಂತ ಫೈಲು ಚಿಕ್ಕದಿದ್ದರೆ ಅದು ಅರ್ಧಕ್ಕೆ ಕಡಿದಿದೆ. ಸ್ಯಾಂಪಲ್‌ಗಳು ಕ್ರಮಸಂಖ್ಯೆಯಲ್ಲೇ ಜೋಡಿಸಿರುವುದರಿಂದ ಆಗ ಮೌನವಾಗುವುದು ಪಟ್ಟಿಯ ಕೊನೆಯ ವಾದ್ಯಗಳು. ಬದಲಿಗೆ ಮಧ್ಯದ ಯಾವುದೋ ಒಂದರಿಂದ ಮುಂದಕ್ಕೆ ಪ್ರತಿ ವಾದ್ಯದ ಆರಂಭದಲ್ಲೂ ಹಿಂದಿನದರ ಬಾಲ ಕೇಳಿಸಿದರೆ, ಎಲ್ಲೋ ಬೈಟುಗಳು ಹೆಚ್ಚಾಗಿವೆ ಎಂದರ್ಥ. ಫೈಲು ಸಾಗಿಸುವ ಎಫ್‌ಟಿಪಿಯಲ್ಲಿ ಬೈನರಿ ಬದಲು ಟೆಕ್ಸ್ಟ್ ಮೋಡ್‌ನಲ್ಲಿ ಇಳಿಸಿದ ಫೈಲುಗಳಿಗೆ ಈ ಗತಿ ಬರುತ್ತದೆ. ಸಾಲುಮುರಿವಿನ ಬೈಟ್ ಕಂಡಲ್ಲೆಲ್ಲ ಇನ್ನೊಂದು ಬೈಟ್ ತೂರಿಕೊಂಡಿರುತ್ತದೆ. ಇದಕ್ಕೆ ರಿಪೇರಿಯಿಲ್ಲ ಎಂದೇ ಇಟ್ಟುಕೊಳ್ಳಿ, ಹೊಸದಾಗಿ ಇಳಿಸಿಕೊಳ್ಳಬೇಕು. ಫೈಲಿನ ಮೊದಲ 4 ಅಕ್ಷರ ‘ಪಿಪಿ20’ ಆಗಿದ್ದರೆ ಮಾತ್ರ ಹಾಳಾದದ್ದಲ್ಲ, ಪವರ್‌ಪ್ಯಾಕರ್‌ನಲ್ಲಿ ಕುಗ್ಗಿಸಿದ್ದು; ಬಿಚ್ಚಿ ನಂತರ ತೆರೆಯಿರಿ.

ಹಳೆಯ 15 ವಾದ್ಯಗಳ ಮಾಡ್ಯೂಲ್‌ಗಳ ಗೊಂದಲವೇ ಬೇರೆ. ಅವುಗಳಲ್ಲಿ ‘ಎಂ.ಕೆ.’ ಗುರುತಿಲ್ಲ, ಪ್ಯಾಟರ್ನ್‌ಗಳು 600ನೇ ಬೈಟಿನಿಂದಲೇ ಶುರು. ಹಾಗಾಗಿ ಇದು ಮಾಡ್ಯೂಲೇ ಅಲ್ಲ ಎಂದು ತಳ್ಳಿಹಾಕುವ ಪ್ಲೇಯರ್‌ಗಳಿವೆ. ತೆರೆದರೂ ಲೂಪ್, ಅಂದರೆ ಸದ್ದು ಮರುಕಳಿಸುವ ಭಾಗ, ಎಡವಬಹುದು. ಒಬಾರ್ಸ್ಕಿಯ ಮೂಲ ಆವೃತ್ತಿ ಲೂಪ್ ಶುರುವಾಗುವ ಜಾಗವನ್ನು ಬೈಟ್‌ನಲ್ಲಿ ಬರೆಯುತ್ತಿತ್ತು, ನಂತರದವು ವರ್ಡ್‌ನಲ್ಲಿ ಓದುತ್ತವೆ. ತಂತಿವಾದ್ಯ ಎಳೆದು ನಿಲ್ಲಬೇಕಾದಲ್ಲಿ ಕಿತ್ತು ಕಿತ್ತು ಬರುತ್ತಿದ್ದರೆ ರಿಪೀಟ್ (ಲೂಪ್ ಶುರುವಾಗುವ ಜಾಗದ) ಅಂಕಿಯನ್ನು ಅರ್ಧ ಮಾಡಿ ನೋಡಿ.

ಡಿಸ್ಕ್ ಸಿಕ್ಕಿತು, ಹೆಸರು ಸರಿ, ಆದರೂ ಮೆಮೊರಿ ಸಾಲದು ಎಂಬ ದೂರು ಬಂದರೆ ತಪ್ಪು ಫೈಲಿನದಲ್ಲ. ಅಮಿಗಾದ ಧ್ವನಿ ಚಿಪ್ ಪೌಲಾ, 4 ಚಾನೆಲ್‌ಗಳ 8 ಬಿಟ್ ಸದ್ದನ್ನು, ಧ್ವನಿ ಮತ್ತು ಚಿತ್ರದ ಚಿಪ್‌ಗಳು ಬಳಸುವ ಮೆಮೊರಿಯಾದ ಚಿಪ್ ರ‍್ಯಾಮ್‌ನಿಂದ ಮಾತ್ರ ಎತ್ತಿಕೊಳ್ಳಬಲ್ಲದು. ಮೊದಲ ಅಮಿಗಾ 500ಗಳಲ್ಲಿ ಅದು 512 ಕೆಬಿ. ತಳದ ಬಾಗಿಲಲ್ಲಿ ಇನ್ನೊಂದು 512 ಕೆಬಿ ಕಾರ್ಡ್ ಕೂರಿಸಿ ಒಟ್ಟು 1 ಎಂಬಿ ಮಾಡಿಕೊಂಡರೂ ಆ ಹೆಚ್ಚುವರಿ ಭಾಗ ಪೌಲಾಗೆ ಕಾಣದು. ಶೆಲ್‌ನಲ್ಲಿ ‘ಅವೇಲ್’ ಕೊಟ್ಟು, ಚಿಪ್ ಸಾಲಿನಲ್ಲಿ ‘ಲಾರ್ಜೆಸ್ಟ್’ ಎಂಬ ಕಾಲಂ ನೋಡಬೇಕು, ‘ಅವೇಲಬಲ್’ ಅಲ್ಲ. ಸ್ಯಾಂಪಲ್ ಒಂದೇ ತುಂಡಾಗಿ ಕೂರಬೇಕು; 60 ಕೆಬಿ ಚೂರುಚೂರಾಗಿ ಖಾಲಿಯಿದ್ದರೆ 40 ಕೆಬಿಯ ಡ್ರಮ್ ಲೂಪಿಗೆ ಜಾಗವಿಲ್ಲ. ಯಂತ್ರ ರೀಬೂಟ್ ಮಾಡಿ, ಬೇರೇನನ್ನೂ ತೆರೆಯದೆ ಟ್ರ್ಯಾಕರನ್ನೇ ಮೊದಲು ಹಾಕಿ, ದೊಡ್ಡ ಸ್ಯಾಂಪಲ್‌ಗಳನ್ನು ಮೊದಲು ತುಂಬುವುದು ಇದಕ್ಕೆ ಮದ್ದು.

ಲೋಡ್ ಆದ ಸದ್ದೇ ಕೆಟ್ಟಿದ್ದರೆ ಕಿವಿಯನ್ನು ನಂಬಿ. ಆರಂಭದಲ್ಲಿ ‘ಟಪ್’ ಎಂಬ ಸದ್ದು, ಮುಗಿದ ಮೇಲೂ ಸಣ್ಣ ಗುಂಯ್ ಉಳಿದರೆ, ಅಮಿಗಾದ ಧ್ವನಿ ಫೈಲಿನ ಮಾದರಿಯಾದ 8ಎಸ್‌ವಿಎಕ್ಸ್ ಫೈಲನ್ನು ಟ್ರ್ಯಾಕರ್ ಬರಿಯ ಕಚ್ಚಾ ಸದ್ದೆಂದು ಓದಿದೆ. ಆ ಫೈಲಿನ ತಲೆಯಲ್ಲಿ ಕನಿಷ್ಠ 48 ಬೈಟಿನಷ್ಟು ಹೆಡರ್ (ಫೈಲಿನ ವಿವರ) ಇರುತ್ತದೆ, ಅದೇ ‘ಟಪ್’. ಲೂಪ್ ಇಲ್ಲದ ವಾದ್ಯ ಮುಗಿದ ಮೇಲೆ ಪೌಲಾ ಸುಮ್ಮನಾಗುವುದಿಲ್ಲ, ಸ್ಯಾಂಪಲ್ಲಿನ ಮೊದಲ 2 ಬೈಟನ್ನೇ ತಿರುಗಿಸುತ್ತಿರುತ್ತದೆ. ಅವು ಸೊನ್ನೆಯಾಗಿದ್ದರೆ ಮೌನ, ಇಲ್ಲಿ ಹೆಡರಿನ ಮೊದಲೆರಡು ಅಕ್ಷರಗಳಿರುವುದರಿಂದ ಗುಂಯ್. ಸೌಂಡ್‌ಟ್ರ್ಯಾಕರ್‌ನ ನಂತರ ಬಂದ ಪ್ರೊಟ್ರ್ಯಾಕರ್ ಆ 2 ಬೈಟನ್ನು ತಾನೇ ಸೊನ್ನೆ ಮಾಡುತ್ತದೆ, ಅದಕ್ಕಿಂತ ಹಳೆಯದರಲ್ಲಿ ನೀವೇ ಮಾಡಬೇಕು.

ರಾಗ ಗುರುತು ಸಿಗುತ್ತದೆ ಆದರೆ ಮೈತುಂಬ ಕರಕರ ಎನ್ನುವಂತಿದ್ದರೆ ಅದು ಸೈನ್ಡ್, ಅನ್‌ಸೈನ್ಡ್ ಅದಲುಬದಲು. ಅಮಿಗಾ −128ರಿಂದ 127ರವರೆಗಿನ ಅಂಕಿಗಳನ್ನು ನಿರೀಕ್ಷಿಸುತ್ತದೆ; ಪಿಸಿಯ 8 ಬಿಟ್ ವೇವ್ ಫೈಲು 0ಯಿಂದ 255ರವರೆಗೆ ಬರೆಯುತ್ತದೆ. ಪ್ರತಿ ಬೈಟನ್ನೂ 128ರೊಂದಿಗೆ ಎಕ್ಸ್‌ಆರ್ ಮಾಡಿದರೆ, ಅಂದರೆ ಅದರ ಅತಿ ಮೇಲಿನ ಬಿಟ್ಟನ್ನು ತಿರುವಿದರೆ, ಸರಿಹೋಗುತ್ತದೆ. ರಾಗದ ಸುಳಿವೂ ಇಲ್ಲದೆ ಬರೀ ಗೊರಗೊರ ಆಗಿದ್ದರೆ ಆ 8ಎಸ್‌ವಿಎಕ್ಸ್ ಫೈಲು ಫಿಬೊನಾಚಿ ಡೆಲ್ಟಾ ವಿಧಾನದಲ್ಲಿ ಕುಗ್ಗಿಸಿದ್ದಿರಬಹುದು. ಬೇರೊಂದು ಸಂಪಾದಕದಲ್ಲಿ ತೆರೆದು ಕುಗ್ಗಿಸದೆ ಉಳಿಸಿ ತನ್ನಿ.

ಸದ್ದು ಶುದ್ಧವಾಗಿದೆ, ಶ್ರುತಿ ಮಾತ್ರ ತಪ್ಪಿದೆ ಎಂದಾದರೆ ಅದು ಲೋಡಿಂಗ್ ದೋಷವೇ ಅಲ್ಲ. ಕಚ್ಚಾ ಸ್ಯಾಂಪಲ್‌ನಲ್ಲಿ ಅದನ್ನು ಯಾವ ವೇಗದಲ್ಲಿ ಧ್ವನಿಮುದ್ರಿಸಿದ್ದರು ಎಂಬ ಮಾಹಿತಿ ಇರುವುದಿಲ್ಲ. ಪ್ರೊಟ್ರ್ಯಾಕರ್‌ನ ಸಿ-2 ಸ್ವರಕ್ಕೆ ಪೀರಿಯಡ್, ಅಂದರೆ ಒಂದು ಬೈಟಿನಿಂದ ಮುಂದಿನದಕ್ಕೆ ಹೋಗಲು ಪೌಲಾ ಎಣಿಸುವ ಗಡಿಯಾರದ ಮಿಡಿತ, 428. ಯುರೋಪಿನ ಪಾಲ್ ಟಿವಿ ಪದ್ಧತಿಯ ಯಂತ್ರದಲ್ಲಿ ಸೆಕೆಂಡಿನ ಮಿಡಿತಗಳಾದ 3546895 ಅನ್ನು 428ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 8287 ಬೈಟ್, ಅಮೆರಿಕದ ಎನ್‌ಟಿಎಸ್‌ಸಿ ಯಂತ್ರದಲ್ಲಿ 8363. ಒಂದು ಆಕ್ಟೇವ್ ಮೇಲಿನ ಸಿ-3ಗೆ ಪೀರಿಯಡ್ 214, ವೇಗ ಇಮ್ಮಡಿ. 16574 ಹರ್ಟ್ಸ್‌ಗೆ ಬದಲಿಸಿಕೊಂಡ ಸ್ಯಾಂಪಲ್ ಪಾಲ್ ಯಂತ್ರದ ಸಿ-3ರಲ್ಲಿ ತನ್ನ ನಿಜವಾದ ಶ್ರುತಿಗೆ ಬರುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸ ಉಳಿದರೆ −8ರಿಂದ +7ರವರೆಗಿನ ಫೈನ್‌ಟ್ಯೂನ್‌ನಲ್ಲಿ ಸರಿಮಾಡಿಕೊಳ್ಳಬಹುದು.