ಪದ ಪರಿಚಯ: ಕೊಹೋರ್ಸ್ ಪ್ರಿಮಾ ತುಂಗ್ರೋರುಂ

ಬ್ರಿಟನ್ನಿನ ಉತ್ತರ ಭಾಗದಲ್ಲಿ ಸಿಕ್ಕ ರೋಮನ್ ಶಾಸನಗಳನ್ನು ನೋಡುತ್ತಾ ಹೋದರೆ ಒಂದು ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ‘ಕೊಹೋರ್ಸ್ ಪ್ರಿಮಾ ತುಂಗ್ರೋರುಂ ಮಿಲಿಯಾರಿಯಾ’. ಬಾಯಿ ತುಂಬಾ ಲ್ಯಾಟಿನ್ ಆದರೂ ಬಿಡಿಸಿದರೆ ಕಷ್ಟವೇನಿಲ್ಲ. ತುಂಗ್ರಿ ಎಂಬ ಜನರ ಹೆಸರಿನ, ಸಾವಿರ ಆಳಿನ, ಒಂದನೇ ಕಾಲಾಳು ಪಡೆ. ಆ ‘ಸಾವಿರ’ವನ್ನು ಮಾತ್ರ ಪೂರ್ತಿ ನಂಬಬೇಡಿ. ತಲಾ 80 ಜನರ ಹತ್ತು ತುಕಡಿ, ಅಂದರೆ 800 ಜನ ಇದ್ದರೆ ಅದು ಸಾವಿರದ ಪಡೆ. ‘ಐನೂರರ’ ಪಡೆಯಲ್ಲಿ ಇರುತ್ತಿದ್ದದ್ದು 480.

ರೋಮನ್ ಸೈನ್ಯ ಅಂದ ಕೂಡಲೇ ನಮಗೆ ನೆನಪಾಗುವುದು ಲೀಜನ್, ಅಂದರೆ ಅದರ ಮುಖ್ಯ ದೊಡ್ಡ ಪಡೆ. ಆದರೆ ಲೀಜನ್ ಸೇರಲು ರೋಮಿನ ಪೌರತ್ವ ಬೇಕಿತ್ತು. ಗೆದ್ದ ನಾಡುಗಳ ಜನರಿಗೆ ಅದೆಲ್ಲಿಂದ ಬರಬೇಕು? ಅವರಿಗಾಗಿ ಇದ್ದದ್ದು ‘ಆಕ್ಸಿಲಿಯಾ’, ಅಂದರೆ ಸಹಾಯಕ ಪಡೆಗಳು. 25 ವರ್ಷ ದುಡಿದರೆ ಪೌರತ್ವ ಸಿಗುತ್ತಿತ್ತು. ಬೇಕೆಂದವರಿಗೆ ಅದರ ದಾಖಲೆಯಾಗಿ ಎರಡು ಪುಟ್ಟ ಕಂಚಿನ ತಗಡು. ಮೂಲ ಪ್ರತಿ ರೋಮ್ ನಗರದಲ್ಲಿ, ನಕಲು ಸೈನಿಕನ ಕೈಯಲ್ಲಿ. ಕ್ರಿ.ಶ. 140ರ ಸುಮಾರಿನವರೆಗೆ ಮಕ್ಕಳಿಗೂ ಇದೇ ತಗಡಿನಲ್ಲಿ ಪೌರತ್ವ ಬರುತ್ತಿತ್ತು. ಜೀವ ಪಣಕ್ಕಿಡಲು ಅದು ಸಾಕಷ್ಟು ದೊಡ್ಡ ಆಸೆ.

ತುಂಗ್ರಿಗಳ ಊರು ಇಂದಿನ ಬೆಲ್ಜಿಯಮ್‌ನ ಟಾಂಗರೆನ್ ಸುತ್ತಮುತ್ತ. ರೋಮಿನ ಮೇಲೆ ಅವರ ನಿಷ್ಠೆ ಮೊದಲಿನಿಂದಲೂ ಗಟ್ಟಿಯಾಗಿತ್ತು ಅಂತೇನಲ್ಲ. ಕ್ರಿ.ಶ. 69ರಲ್ಲಿ ರೈನ್ ನದಿಯ ಬಳಿ ಬಟಾವಿ ಜನ ಸಿವಿಲಿಸ್ ಎಂಬವನ ಹಿಂದೆ ದಂಗೆ ಎದ್ದರು. ಆಗ ತುಂಗ್ರಿಗಳ ಒಂದು ಪಡೆ ಕಾಳಗದ ನಡುವೆಯೇ ತನ್ನ ಧ್ವಜ ಸಮೇತ ಸಿವಿಲಿಸ್ ಕಡೆಗೆ ಹೋಗಿಬಿಟ್ಟಿತು. ಹೀಗೆ ಬರೆದಿಟ್ಟವನು ಇತಿಹಾಸಕಾರ ಟ್ಯಾಸಿಟಸ್. ಅದಾಗಿ ಹದಿನೈದು ವರ್ಷದೊಳಗೆ ಸ್ಕಾಟ್ಲೆಂಡಿನ ಮಾನ್ಸ್ ಗ್ರಾಪಿಯಸ್ ಕಾಳಗದಲ್ಲಿ ಎರಡು ತುಂಗ್ರಿ ಪಡೆಗಳು ಅದೇ ಬಟಾವಿಗಳ ಪಕ್ಕದಲ್ಲಿ ನಿಂತು ರೋಮ್‌ಗಾಗಿ ಕತ್ತಿ ಬೀಸುತ್ತವೆ. ಇದನ್ನು ಹೇಳುವವನೂ ಟ್ಯಾಸಿಟಸ್ಸೇ. ಅಲ್ಲಿ ಸೇನಾಪತಿ ಅಗ್ರಿಕೋಲಾ ಲೀಜನ್‌ಗಳನ್ನು ಹಿಂದೆ ನಿಲ್ಲಿಸಿ ಸಹಾಯಕರನ್ನು ಮುಂದೆ ಕಳಿಸಿದ. ರೋಮನ್ನರ ರಕ್ತ ಹರಿಯದೆ ಗೆದ್ದರೆ ಕೀರ್ತಿ ಜಾಸ್ತಿ ಅನ್ನುವ ಲೆಕ್ಕಾಚಾರ. ಹರಿದದ್ದು ಯಾರ ರಕ್ತ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಇಷ್ಟೇ ಆಗಿದ್ದರೆ ಇದೂ ನೂರಾರು ಪಡೆಗಳಲ್ಲಿ ಒಂದು ಅಂತ ಬಿಟ್ಟುಬಿಡಬಹುದಿತ್ತು. ಆದರೆ ಇಂಗ್ಲೆಂಡಿನ ವಿಂಡೊಲಾಂಡ ಕೋಟೆಯ ಹಸಿ ಮಣ್ಣಿನಲ್ಲಿ, ತೆಳ್ಳಗಿನ ಮರದ ಹಲಗೆಯ ಮೇಲೆ ಶಾಯಿಯಲ್ಲಿ ಬರೆದ ಈ ಪಡೆಯ ಹಾಜರಿ ಪಟ್ಟಿ ಸಿಕ್ಕಿದೆ. ಕ್ರಿ.ಶ. 90ರ ಆಸುಪಾಸಿನದ್ದು. ದಿನಾಂಕ ಮೇ 18, ವರ್ಷ ಬರೆದಿಲ್ಲ. ಮುಖ್ಯಸ್ಥನ ಹೆಸರು ಯೂಲಿಯಸ್ ವೆರೆಕುಂಡಸ್.

ಒಟ್ಟು 752 ಜನ, ಅವರಲ್ಲಿ ಆರು ಮಂದಿ ಸೆಂಚುರಿಯನ್, ಅಂದರೆ ತುಕಡಿಯ ಅಧಿಕಾರಿಗಳು. ಇನ್ನು ಗೈರುಹಾಜರಿಯ ಲೆಕ್ಕ. ಪ್ರಾಂತಾಧಿಪತಿಯ ಕಾವಲಿಗೆ ಹೋದವರು 46. ಇಂದಿನ ಕಾರ್‌ಬ್ರಿಜ್ ಊರಾದ ಕೋರಿಯಾದಲ್ಲಿ 337. ಒಬ್ಬ ಸೆಂಚುರಿಯನ್ ಲಂಡನ್‌ನಲ್ಲಿ. ಇನ್ನೂ ಅಲ್ಲಿ ಇಲ್ಲಿ ಹೋದವರನ್ನೂ ಸೇರಿಸಿದರೆ ಹೊರಗಿದ್ದವರೇ 456. ಕೋಟೆಯಲ್ಲಿ ಉಳಿದವರು 296 ಜನ, ಜೊತೆಗಿದ್ದದ್ದು ಒಬ್ಬನೇ ಸೆಂಚುರಿಯನ್. ಆ 296ರಲ್ಲೂ 15 ಜನಕ್ಕೆ ಕಾಯಿಲೆ, ಆರು ಜನಕ್ಕೆ ಗಾಯ, ಹತ್ತು ಜನಕ್ಕೆ ಕಣ್ಣುನೋವು. ಕೆಲಸಕ್ಕೆ ಸಿಗುವವರು 265.

ಅಂದರೆ 752ರ ಪಡೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಮಾತ್ರ ತಮ್ಮ ಕೋಟೆಯಲ್ಲಿ ಗಟ್ಟಿಯಾಗಿ ನಿಂತಿದ್ದಾರೆ! ಇತಿಹಾಸದ ಪುಸ್ತಕಗಳಲ್ಲಿ ಒಂದು ಕೋಟೆಗೆ ಒಂದು ಚುಕ್ಕಿ, ಪಕ್ಕದಲ್ಲಿ ಒಂದು ಪಡೆಯ ಹೆಸರು ಇರುವ ನಕ್ಷೆ ಕಂಡಾಗಲೆಲ್ಲ ನನಗೆ ಈ ಹಲಗೆ ನೆನಪಾಗುತ್ತದೆ. ‘ಕೊಹೋರ್ಸ್’ ಅಂದರೆ ಒಂದೇ ಜಾಗದಲ್ಲಿ ಸಾಲಾಗಿ ನಿಂತ ಜನ ಅಂತ ನಾವು ಸುಮ್ನೆ ಅಂದುಕೊಂಡುಬಿಡುತ್ತೇವೆ. ವಾಸ್ತವದಲ್ಲಿ ಅದು ಸಂಬಳದ ಪಟ್ಟಿ. ಜನ ಎಲ್ಲೆಲ್ಲೋ ಹರಡಿರುತ್ತಿದ್ದರು. ಸೆಂಚುರಿಯನ್‌ಗಳು ಆರೇ ಇರುವಾಗ ಆಳುಗಳು 752 ಇರುವುದೂ ವಿಚಿತ್ರವೇ. ಐನೂರರ ಪಡೆ ಸಾವಿರದ ಪಡೆಯಾಗಿ ಬೆಳೆಯುತ್ತಿದ್ದ ಹೊತ್ತು ಇದು ಅಂತ ವಿದ್ವಾಂಸರ ಊಹೆ.

ಆಮೇಲೆ ಕೆಲವು ವರ್ಷ ವಿಂಡೊಲಾಂಡದಲ್ಲಿ ಬಟಾವಿಗಳ ಒಂಬತ್ತನೇ ಪಡೆ ಇತ್ತು. ಕ್ರಿ.ಶ. 105ರ ಹೊತ್ತಿಗೆ ಅವರು ಹೊರಟರು, ತುಂಗ್ರಿಗಳು ವಾಪಸ್ ಬಂದರು. ಈ ಎರಡನೇ ಸುತ್ತಿನ ಕಾಲದ ಒಂದು ದೂರು ಪತ್ರವೂ ಸಿಕ್ಕಿದೆ. ಬರೆದವನ ಹೆಸರು ಉಳಿದಿಲ್ಲ, ವ್ಯಾಪಾರಿ ಇರಬೇಕು. ತಾನು ಕಡಲಾಚೆಯಿಂದ ಬಂದವನು, ತಪ್ಪಿಲ್ಲದವನು, ಆದರೂ ರಕ್ತ ಬರುವ ಹಾಗೆ ಕೋಲಿನಿಂದ ಹೊಡೆದರು ಅಂತ ಅಳಲು. ಪಡೆಯ ಮುಖ್ಯಸ್ಥನಿಗೆ ಹೇಳೋಣ ಅಂದರೆ ಅವನಿಗೆ ಹುಷಾರಿಲ್ಲ. ಸೆಂಚುರಿಯನ್‌ಗಳ ಹತ್ತಿರ ಹೋದರೂ ಪ್ರಯೋಜನವಾಗಲಿಲ್ಲ. ಅದಕ್ಕೇ ಇನ್ನೂ ಮೇಲಿನವರಿಗೆ ಬರೆಯುತ್ತಿದ್ದಾನೆ. ಸರ್ಕಾರಿ ಕಚೇರಿ ಸುತ್ತಿದ ಯಾರಿಗಾದರೂ ಈ ಪತ್ರ ಓದಿದರೆ ಅನುವಾದವೇ ಬೇಡ ಅನಿಸಬಹುದು.

ಮುಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ. ರೋಮನ್ನರು ಸ್ಕಾಟ್ಲೆಂಡಿಗೆ ಅಡ್ಡಲಾಗಿ ಕಟ್ಟಿದ ಗಡಿಗೋಡೆಯಾದ ಆಂಟೊನೈನ್ ಗೋಡೆಯ ಕಾಲದಲ್ಲಿ ಪಡೆ ಸ್ಕಾಟ್ಲೆಂಡಿನ ಕಾಸಲ್‌ಕ್ಯಾರಿಯಲ್ಲಿ ಕಟ್ಟಡದ ಕೆಲಸ ಮಾಡಿತು, ಅಲ್ಲಿ ಅದರ ಹೆಸರಿನ ಕಲ್ಲು ಇದೆ. ಆಮೇಲೆ ಅದಕ್ಕಿಂತ ದಕ್ಷಿಣದ, ಇಂಗ್ಲೆಂಡಿನ ಗಡಿಗೋಡೆಯಾದ ಹೇಡ್ರಿಯನ್ ಗೋಡೆಯ ಮೇಲಿನ ಹೌಸ್‌ಸ್ಟೆಡ್ಸ್ ಕೋಟೆ ಅದರ ಕಾಯಂ ನೆಲೆಯಾಯಿತು. ಅಲ್ಲಿ ಇವರು ಕೆತ್ತಿಸಿದ ಒಂದು ಫಲಕ ನನಗೆ ತುಂಬಾ ಇಷ್ಟ. ‘ಕ್ಲಾರೋಸ್‌ನ ಅಪೊಲೋ ನುಡಿದ ಕಣಿಯಂತೆ ಎಲ್ಲ ದೇವದೇವಿಯರಿಗೆ’ ಅಂತ ಅರ್ಪಣೆ. ಅಪೊಲೋ ದೇವರ ಕಣಿ ಕೇಳುವ ಗುಡಿಯಿದ್ದ ಕ್ಲಾರೋಸ್ ಇರುವುದು ಇಂದಿನ ಟರ್ಕಿಯ ಕರಾವಳಿಯಲ್ಲಿ. ಹಾಗಂತ ಇವರಲ್ಲಿ ಯಾರೋ ಟರ್ಕಿವರೆಗೆ ಹೋಗಿ ಕಣಿ ಕೇಳಿ ಬಂದರು ಅಂತ ಅಲ್ಲ. ಇದೇ ಒಕ್ಕಣೆಯ ಕಲ್ಲುಗಳು ಸಾರ್ಡೀನಿಯಾ, ಉತ್ತರ ಆಫ್ರಿಕಾದಲ್ಲೂ ಸಿಕ್ಕಿವೆ. ಮೇಲಿಂದ ಸುತ್ತೋಲೆ ಬಂದಿರಬೇಕು.

ಪಡೆ ಒಂದೇ ಕಡೆ ತಲೆಮಾರುಗಟ್ಟಲೆ ನಿಂತರೆ ಸೇರುವವರೂ ಸುತ್ತಲಿನವರೇ ಆಗುತ್ತಾರೆ. ಸೈನಿಕರ ಮಕ್ಕಳು, ಪಕ್ಕದ ಹಳ್ಳಿಯವರು. ಹೀಗಾಗಿ ಹೆಸರಿನಲ್ಲಿ ತುಂಗ್ರಿ ಇದೆ ಅಂತ ಆಳೂ ಬೆಲ್ಜಿಯಮ್ ಕಡೆಯವನು ಅಂದುಕೊಳ್ಳಬಾರದು. ಕ್ರಿ.ಶ. 212ರಲ್ಲಿ ಚಕ್ರವರ್ತಿ ಕಾರಕಲ್ಲಾ ಸಾಮ್ರಾಜ್ಯದ ಹೆಚ್ಚುಕಡಿಮೆ ಎಲ್ಲ ಸ್ವತಂತ್ರ ಪ್ರಜೆಗಳಿಗೂ ಪೌರತ್ವ ಕೊಟ್ಟ. ಲೀಜನ್‌ನವರಿಗೂ ಸಹಾಯಕರಿಗೂ ಇದ್ದ ದೊಡ್ಡ ಅಂತರ ಅಲ್ಲಿಗೆ ಮುಗಿಯಿತು. ಆದರೂ ಹಳೆಯ ಹೆಸರು ಹೋಗಲಿಲ್ಲ. ಸುಮಾರು ಕ್ರಿ.ಶ. 400ರ ಹೊತ್ತಿನ ಸರ್ಕಾರಿ ಹುದ್ದೆಗಳ ಪಟ್ಟಿ ‘ನೊಟಿಟಿಯಾ ಡಿಗ್ನಿಟಾಟುಂ’ನಲ್ಲೂ ಹೌಸ್‌ಸ್ಟೆಡ್ಸ್ ಎದುರಿಗೆ ‘ತುಂಗ್ರಿಗಳ ಒಂದನೇ ಪಡೆಯ ಮುಖ್ಯಸ್ಥ’ ಅಂತಲೇ ಇದೆ.