ಪಿವಿಪಿಯಲ್ಲಿ ಪಣ ಯಾರದು, ಲಾಭ ಯಾರಿಗೆ: ಒಂದು ಅಧ್ಯಯನ ಟಿಪ್ಪಣಿ

ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಆಟಗಾರರು ಒಬ್ಬರ ಮೇಲೊಬ್ಬರು ಬೀಳುವ ಕಾಳಗಕ್ಕೆ ಪಿವಿಪಿ ಅನ್ನುತ್ತೇವೆ. ರಾಯಚೂರಿನಲ್ಲಿ ಗೇಮ್ ಡಿಸೈನ್ ಕಲಿಯುತ್ತಿರುವ ನಮ್ಮ ಗುಂಪಿನಲ್ಲಿ ಈ ಮಾತು ಬಂದಾಗಲೆಲ್ಲ ಚರ್ಚೆ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತದೆ: ಸತ್ತವನ ಸಾಮಾನು ಹೋಗಬೇಕೋ ಬೇಡವೋ? ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ ಅಂತ ನನಗನಿಸುತ್ತದೆ. ಈ ಕಾಳಗಕ್ಕೆ ಇಳಿದ ಇಬ್ಬರಲ್ಲಿ ಯಾರು ಏನನ್ನು ಪಣಕ್ಕಿಟ್ಟಿದ್ದಾರೆ? ಇದಕ್ಕೆ ಉತ್ತರ ಸಿಕ್ಕರೆ ಆ ಆಟದಲ್ಲಿ ಯಾರು ಯಾರ ಮೇಲೆ ಬೀಳುತ್ತಾರೆ, ಯಾರು ಆಟ ಬಿಟ್ಟು ಹೋಗುತ್ತಾರೆ ಅನ್ನುವುದನ್ನು ಹೆಚ್ಚುಕಡಿಮೆ ಮೊದಲೇ ಹೇಳಬಹುದು.

ಹಳೆಯ ಉದಾಹರಣೆಯಿಂದ ಶುರುಮಾಡೋಣ. ಅಲ್ಟಿಮಾ ಆನ್‌ಲೈನ್ ಬಂದದ್ದು 1997ರ ಸೆಪ್ಟೆಂಬರಿನಲ್ಲಿ. ಊರ ಕಾವಲುಗಾರರ ಗಡಿ ದಾಟಿದರೆ ಯಾರು ಯಾರನ್ನು ಬೇಕಾದರೂ ಕೊಲ್ಲಬಹುದಿತ್ತು, ಹೆಣದ ಮೇಲಿದ್ದದ್ದನ್ನೆಲ್ಲ ದೋಚಬಹುದಿತ್ತು. ಗಣಿಯಲ್ಲಿ ಅದಿರು ಅಗೆಯುವ ಹೊಸಬ ತನ್ನ ಅಷ್ಟೂ ದುಡಿಮೆಯನ್ನು ಮೈಮೇಲೆ ಹೊತ್ತು ಬರುತ್ತಿದ್ದ. ದಾರಿ ಕಾದು ಕೂತವನು ಸೋತರೂ ಅವನಿಗೆ ಹೋಗುತ್ತಿದ್ದದ್ದು ಅಲ್ಪಸ್ವಲ್ಪ. ಪಣ ಒಂದೇ ಕಡೆ ವಾಲಿತ್ತು. ಕೊಲೆಗಾರರ ಹೆಸರನ್ನು ಕೆಂಪು ಬಣ್ಣದಲ್ಲಿ ತೋರಿಸುವ ವ್ಯವಸ್ಥೆ ತಂದು ನೋಡಿದರು, ಅದೂ ಸಾಕಾಗಲಿಲ್ಲ. ಕೊನೆಗೆ 2000ದಲ್ಲಿ ರೆನೈಸನ್ಸ್ ವಿಸ್ತರಣೆಯೊಂದಿಗೆ ಲೋಕವನ್ನೇ ಎರಡು ಮಾಡಿದರು: ಹಳೆಯ ನಿಯಮ ಉಳಿದ ಫೆಲುಕ್ಕಾ, ಒಪ್ಪಿಗೆ ಇಲ್ಲದೆ ಯಾರೂ ಕೊಲ್ಲುವಂತಿಲ್ಲದ ಟ್ರಾಮೆಲ್. ಬಹುಪಾಲು ಜನ ಟ್ರಾಮೆಲ್‌ಗೆ ಗುಳೆ ಹೋದರು. ಖಾಲಿಯಾದ ಫೆಲುಕ್ಕಾಕ್ಕೆ ಜನರನ್ನು ಮತ್ತೆ ಕರೆಯಲು ಅಲ್ಲಿ ಅಗೆದರೆ, ಕಡಿದರೆ ಇಮ್ಮಡಿ ಫಲ ಸಿಗುವಂತೆ ಮಾಡಬೇಕಾಯಿತು. ಅಪಾಯಕ್ಕೆ ಬೆಲೆ ಕಟ್ಟುವುದನ್ನು ಆ ಆಟ ಆಮೇಲೆ ಸೇರಿಸಿತು. ಈವ್ ಆನ್‌ಲೈನ್ ಶುರುವಿನಿಂದಲೇ ಸೇರಿಸಿತ್ತು.

ಈವ್ 2003ರಲ್ಲಿ ಬಂದ ಬಾಹ್ಯಾಕಾಶ ಹಡಗುಗಳ ಆಟ, ಐಸ್‌ಲ್ಯಾಂಡಿನ ಸಿಸಿಪಿ ಸಂಸ್ಥೆಯದು. ಪ್ರತಿ ನಕ್ಷತ್ರಮಂಡಲಕ್ಕೂ ಒಂದು ಭದ್ರತಾ ಅಂಕ ಇರುತ್ತದೆ. 1.0ಯಿಂದ 0.5ರವರೆಗೆ ಹೈಸೆಕ್, 0.4ರಿಂದ 0.1ರವರೆಗೆ ಲೋಸೆಕ್, 0.0 ಮತ್ತು ಅದಕ್ಕೂ ಕೆಳಗಿನದು ನಲ್‌ಸೆಕ್. ಹೈಸೆಕ್‌ನಲ್ಲಿ ಯಾರಾದರೂ ಅಕ್ರಮವಾಗಿ ಗುಂಡು ಹಾರಿಸಿದರೆ ಕಾಂಕಾರ್ಡ್ ಪೊಲೀಸರು ಬಂದು ಅವನ ಹಡಗನ್ನು ಒಡೆದೇ ಒಡೆಯುತ್ತಾರೆ. ಆದರೆ ಅವರು ಬರುವುದು ಗುಂಡು ಹಾರಿದ ಮೇಲೆ. ಆ ನಡುವಿನ ಕೆಲವು ಸೆಕೆಂಡುಗಳಲ್ಲಿ ಸರಕಿನ ಹಡಗನ್ನು ಒಡೆದುಬಿಟ್ಟರೆ ಕಥೆ ಮುಗಿಯಿತು. ಹೀಗೆ ತನ್ನ ಹಡಗು ಹೋಗುತ್ತದೆಂದು ಗೊತ್ತಿದ್ದೇ ಮಾಡುವ ದಾಳಿಗೆ ಸುಯಿಸೈಡ್ ಗ್ಯಾಂಕ್ ಅನ್ನುತ್ತಾರೆ.

ಇಲ್ಲಿನ ಲೆಕ್ಕವನ್ನು ಹತ್ತಿರದಿಂದ ನೋಡಿ. ಒಡೆದ ಹಡಗಿನ ಒಂದೊಂದು ವಸ್ತುವೂ ಉಳಿಯುವ ಸಾಧ್ಯತೆ ಅರ್ಧದಷ್ಟು, ಮಿಕ್ಕದ್ದು ನಾಶ. ದಾಳಿಯವರು 10 ಕೋಟಿ ಐಎಸ್‌ಕೆ (ಆ ಆಟದ ಹಣ) ಬೆಲೆಯ ಹಡಗುಗಳನ್ನು ಬಲಿ ಕೊಡುತ್ತಾರೆ ಎಂದುಕೊಳ್ಳಿ. ಸರಕಿನಲ್ಲಿ ಸರಾಸರಿ ಅರ್ಧ ಮಾತ್ರ ಕೈಗೆ ಬರುವುದರಿಂದ ಸರಕು 20 ಕೋಟಿ ದಾಟಿದರಷ್ಟೇ ಅವರಿಗೆ ಗಿಟ್ಟುತ್ತದೆ. ಹಾಗಾಗಿ ಸರಕು ಸಾಗಿಸುವವನಿಗೆ ಬಂದೂಕಿಗಿಂತ ಮೊದಲು ಬೇಕಾದ ರಕ್ಷಣೆ ತನ್ನ ಹೊರೆಯನ್ನು ಆ ಗೆರೆಯ ಕೆಳಗೆ ಇಟ್ಟುಕೊಳ್ಳುವುದು. ದಾಳಿಯವರ ಪಣವನ್ನು ಆಟ ಬದಲಿಸಿದ ಘಟನೆಯೂ ಇದೆ. 2011ರ ಕೊನೆಯಲ್ಲಿ ಬಂದ ಕ್ರೂಸಿಬಲ್ ವಿಸ್ತರಣೆಗಿಂತ ಮುಂಚೆ, ಕಾಂಕಾರ್ಡ್ ಒಡೆದ ಹಡಗಿಗೂ ವಿಮೆ ಹಣ ಸಿಗುತ್ತಿತ್ತು. ಅಂದರೆ ಗ್ಯಾಂಕರ್‌ನ ನಷ್ಟದಲ್ಲಿ ಒಂದು ಪಾಲನ್ನು ಆಟವೇ ತುಂಬಿಕೊಡುತ್ತಿತ್ತು. ಅದನ್ನು ನಿಲ್ಲಿಸಿದಾಗ ಒಂದು ಬಂದೂಕಿನ ಬಲವೂ ಬದಲಾಗಲಿಲ್ಲ, ಆದರೂ ಯಾವ ಹಡಗಿನ ಮೇಲೆ ಬೀಳುವುದು ಲಾಭ ಅನ್ನುವ ಗೆರೆ ಮೇಲಕ್ಕೆ ಹೋಯಿತು. ಡಿಸೈನರ್ ಕೈಯಲ್ಲಿರುವ ನಿಜವಾದ ಸಲಕರಣೆ ಇಂಥದ್ದು.

ಇನ್ನು ನಮ್ಮವರು ಫೋನಿನಲ್ಲಿ ಹೆಚ್ಚಾಗಿ ಆಡುವ ಆಲ್ಬಿಯನ್ ಆನ್‌ಲೈನ್‌ಗೆ ಬರೋಣ. ಬರ್ಲಿನ್ನಿನ ಸ್ಯಾಂಡ್‌ಬಾಕ್ಸ್ ಇಂಟರಾಕ್ಟಿವ್ ಮಾಡಿದ ಆಟ. 2017ರಲ್ಲಿ ಬಿಡುಗಡೆ, 2021ರಲ್ಲಿ ಮೊಬೈಲ್‌ಗೆ, 2023ರಲ್ಲಿ ಏಷ್ಯಾಕ್ಕೆಂದೇ ಬೇರೆ ಸರ್ವರ್. ಅಪಾಯ ಏರುವ ಕ್ರಮದಲ್ಲಿ ನೀಲಿ, ಹಳದಿ, ಕೆಂಪು, ಕಪ್ಪು ಎಂದು ವಲಯಗಳು. ಕೆಂಪು ಮತ್ತು ಕಪ್ಪಿನಲ್ಲಿ ಸತ್ತರೆ ಮೈಮೇಲಿನ ಗೇರೂ (ತೊಟ್ಟ ಕವಚ, ಆಯುಧ) ಚೀಲದ ಸಾಮಾನೂ ಪರರ ಪಾಲು, ಅದರಲ್ಲೂ ಕೆಲವು ವಸ್ತು ಅಲ್ಲೇ ನಾಶ. ಒಳ್ಳೆಯ ಅದಿರು, ಮರ, ಚರ್ಮ ಸಿಗುವುದು ಆ ಕಡೆಯೇ.

ಕೆಳಗಿನ ಅಂಕಿಗಳು ನಾನು ಲೆಕ್ಕಕ್ಕೆಂದು ಇಟ್ಟುಕೊಂಡವು, ನಿಮ್ಮ ಮಾರುಕಟ್ಟೆ ದರ ಹಾಕಿ ನೀವೇ ಮಾಡಿ ನೋಡಿ. ಇಬ್ಬರೂ 1 ಲಕ್ಷ ಸಿಲ್ವರ್ (ಈ ಆಟದ ಹಣ) ಬೆಲೆಯ ಗೇರ್ ತೊಟ್ಟಿದ್ದಾರೆ. ನಾಶವಾಗುವುದು, ಮಾರುವಾಗ ಬಿಡುವ ಬೆಲೆ ಎಲ್ಲ ಕಳೆದು ಗೆದ್ದವನ ಕೈಗೆ 60 ಸಾವಿರ ಬರುತ್ತದೆ. ಸೋತವನಿಗೆ ಪೂರಾ 1 ಲಕ್ಷ ನಷ್ಟ. ಇಬ್ಬರೂ ಸಮಬಲರಾದರೆ ಅರ್ಧಕ್ಕರ್ಧ ಗೆಲುವು: 30 ಸಾವಿರ ಬಂತು, 50 ಸಾವಿರ ಹೋಯಿತು, ಪ್ರತಿ ಕಾಳಗಕ್ಕೆ ಸರಾಸರಿ 20 ಸಾವಿರ ಲುಕ್ಸಾನು. ಲುಕ್ಸಾನು ತಪ್ಪಬೇಕಾದರೆ ನೂರರಲ್ಲಿ 62.5 ಸಲ ಗೆಲ್ಲಬೇಕು. ಸರಿಸಮ ಜಗಳ ಇಬ್ಬರಿಗೂ ನಷ್ಟದ ವ್ಯವಹಾರ ಎಂದಾಯಿತು.

ಈಗ ಐದು ಜನ ಕೂಡಿ ಒಬ್ಬನ ಮೇಲೆ ಬೀಳಲಿ. ಲೂಟ್ ಹಂಚಿದರೆ ತಲೆಗೆ 12 ಸಾವಿರ. ಗೆಲ್ಲುವ ಸಾಧ್ಯತೆ ನೂರಕ್ಕೆ 95 ಅನ್ನಿ. 11,400 ಬಂತು, ಎಲ್ಲರೂ ಸತ್ತು ಗೇರ್ ಹೋಗುವ ಉಳಿದ ನೂರಕ್ಕೆ ಐದರ ಪಾಲು 5,000, ಉಳಿದದ್ದು ತಲೆಗೆ 6,400 ಲಾಭ. ಗುಂಪು ಕಟ್ಟಿ ಒಂಟಿಯ ಮೇಲೆ ಬೀಳುವವರನ್ನು ಹೇಡಿಗಳು ಅಂತ ಬೈಯುವುದು ಸುಲಭ. ಆ ನಡತೆಯನ್ನು ನಿಯಮವೇ ಬರೆದಿದೆ. ಬದಲಾಗಬೇಕೆಂದರೆ ಅಂಕಿ ಬದಲಾಗಬೇಕು.

ಬಲಿಯಾಗುವವನ ಕಡೆಯ ಲೆಕ್ಕ ಇನ್ನೂ ಚೆನ್ನಾಗಿದೆ. ಒಬ್ಬ 20 ಸಾವಿರದ ಅಗ್ಗದ ಗೇರ್ ತೊಟ್ಟು ಕಪ್ಪು ವಲಯಕ್ಕೆ ಹೋಗಿ 80 ಸಾವಿರದ ಅದಿರು ತರುತ್ತಾನೆ. ಐದರಲ್ಲಿ ಒಂದು ಸಲ ಸಿಕ್ಕಿಬೀಳುತ್ತಾನೆ. ನಾಲ್ಕು ಸಲದ ಪಾಲು 64 ಸಾವಿರ, ಸಿಕ್ಕಾಗಿನ ಗೇರ್ ನಷ್ಟದ ಪಾಲು 4 ಸಾವಿರ, ಪ್ರತಿ ಸುತ್ತಿಗೆ 60 ಸಾವಿರ ಉಳಿತಾಯ. ಅಷ್ಟೇ ಹೊತ್ತಿನಲ್ಲಿ ನೀಲಿ ವಲಯದಲ್ಲಿ 25 ಸಾವಿರ ಸಿಗುತ್ತದೆ ಎಂದಿಟ್ಟುಕೊಳ್ಳಿ. ಹಾಗಾದರೆ ಬಲಿ ಅನ್ನಿಸಿಕೊಂಡವನೇ ನೀಲಿ ವಲಯದಲ್ಲಿ ಉಳಿದವನ ಎರಡು ಪಟ್ಟಿಗಿಂತ ಹೆಚ್ಚು ದುಡಿಯುತ್ತಿದ್ದಾನೆ! ಅದೇ ಮನುಷ್ಯ ಜಂಬಕ್ಕೆ 2 ಲಕ್ಷದ ಗೇರ್ ಹಾಕಿಕೊಂಡು ಹೋದರೆ 64 ಸಾವಿರದಲ್ಲಿ 40 ಸಾವಿರ ಕಳೆದು 24 ಸಾವಿರ ಉಳಿಯುತ್ತದೆ. ಅದಕ್ಕಿಂತ ನೀಲಿ ವಲಯದಲ್ಲೇ ಇರುವುದು ವಾಸಿ.

ಎಲ್ಲರೂ ಎಡವುವ ಜಾಗ ಹಿಂತಿರುಗುವ ಹೊತ್ತು. ನಮ್ಮ ರೂಮಿನಲ್ಲಿ ಸಂಜೆ ಕಿವಿಗೆ ಬೀಳುವ ಮಾತು ಇದು:

"ಯಣ್ಣಾ, ಇನ್ನೊಂದು ಗಿಡ ಕಡಕೊಂಡು ಬಂದ್‌ಬಿಡ್ತೀನಿ."

"ಬ್ಯಾಡೋ ತಮ್ಮಾ, ಚೀಲ ತುಂಬೈತಿ, ಊರಿಗೆ ಬಾ ಮೊದ್ಲು."

ಇಬ್ಬರಲ್ಲಿ ಯಾರು ಸರಿ ಅನ್ನುವುದನ್ನು ಗೆರೆ ಹಾಕಿ ಹೇಳಬಹುದು. ಇನ್ನೊಂದು ಜಾಗಕ್ಕೆ ಹೋದರೆ 10 ಸಾವಿರ ಹೆಚ್ಚು ಸಿಗುತ್ತದೆ, ಹತ್ತರಲ್ಲಿ ಒಂದು ಸಲ ಸಾವು. ಚೀಲದಲ್ಲಿ 60 ಸಾವಿರ, ಮೈಮೇಲೆ 20 ಸಾವಿರ ಇದ್ದಾಗ ಬರುವ ನಿರೀಕ್ಷೆ 9 ಸಾವಿರ, ಹೋಗುವ ನಿರೀಕ್ಷೆ 8 ಸಾವಿರ. ಹೋಗಬಹುದು. ಚೀಲದಲ್ಲಿ 80 ಸಾವಿರ ಇದ್ದರೆ ಹೋಗುವುದು 10 ಸಾವಿರ. ಹೋಗಬಾರದು. ಎರಡೂ ಸಮವಾಗುವುದು 70 ಸಾವಿರಕ್ಕೆ. ದಾರಿಯ ಅಪಾಯ ಮೊದಲಿನಷ್ಟೇ ಇದೆ, ಬೆಳೆಯುತ್ತಾ ಬಂದದ್ದು ನಾವು ಹೊತ್ತ ಪಣ. ಏಪ್ರಿಲ್ ಬಿಸಿಲಿಗೆ ಫೋನ್ ಕಾದು ಆಟ ತಡವರಿಸುತ್ತಿದ್ದರೆ, ನೆಟ್‌ವರ್ಕ್ ಬಿಟ್ಟು ಬಿಟ್ಟು ಬರುತ್ತಿದ್ದರೆ ಆ ಹತ್ತರಲ್ಲಿ ಒಂದು ಆರರಲ್ಲಿ ಒಂದೋ ಐದರಲ್ಲಿ ಒಂದೋ ಆಗಿರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸರಾಸರಿ ಲಾಭ ಇದ್ದ ಮಾತ್ರಕ್ಕೆ ಇಳಿಯಬಹುದೇ? ಮಾನ್ವಿ, ಸಿರವಾರದ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರು ಬೇಸಿಗೆ ಭತ್ತಕ್ಕೆ ಕೈಹಾಕುವ ಮುಂಚೆ ಇದನ್ನೇ ಯೋಚಿಸುತ್ತಾರೆ. ಕೊನೆತನಕ ನೀರು ಬಂದರೆ ಬೆಳೆ. ಬರದಿದ್ದರೆ ಬೀಜ, ಗೊಬ್ಬರ, ನಾಟಿ ಕೂಲಿ ಎಲ್ಲ ಗದ್ದೆಯಲ್ಲೇ ಒಣಗುತ್ತದೆ. ನೀರು ಬರುತ್ತದಾ ಅನ್ನುವುದರ ಜೊತೆಗೆ, ಬರದಿದ್ದರೆ ಮುಂಗಾರಿಗೆ ಬಿತ್ತಲು ಕೈಯಲ್ಲಿ ಏನು ಉಳಿಯುತ್ತದೆ ಅಂತಲೂ ಕೇಳಿಕೊಳ್ಳುತ್ತಾರೆ. ಪಿವಿಪಿಯಲ್ಲೂ ಹಾಗೆಯೇ. ಐದರಲ್ಲಿ ಒಂದು ಸಾವು ಇರುವ ಕಡೆ ಎರಡೇ ಸೆಟ್ ಗೇರ್ ಇಟ್ಟುಕೊಂಡು ಹೋದರೆ, ಮೊದಲ ಎರಡೂ ಸುತ್ತಿನಲ್ಲಿ ಸತ್ತು ಬರಿಗೈಯಾಗುವ ಸಾಧ್ಯತೆ 25ರಲ್ಲಿ ಒಂದು. ಐದು ಸೆಟ್ ಇದ್ದರೆ ಐದೂ ಸಾಲಾಗಿ ಹೋಗುವುದು 3,125ರಲ್ಲಿ ಒಂದು. ಬ್ಯಾಂಕಿನಲ್ಲಿ ಎಷ್ಟು ಸೆಟ್ ಇದೆ ಅನ್ನುವುದೇ ನಿಮ್ಮ ಧೈರ್ಯದ ಅಳತೆ. ದುಡ್ಡು ಕೊಟ್ಟು ಸಿಲ್ವರ್ ಕೊಳ್ಳಬಲ್ಲವನಿಗೆ ಈ ಪಣ ಹಗುರ, ದುಡಿದು ಕೂಡಿಸಿದವನಿಗೆ ಭಾರ. ಇದು ನನಗೆ ಈ ಆಟಗಳಲ್ಲಿ ನಿಜಕ್ಕೂ ಬೇಸರ ತರಿಸುವ ಸಂಗತಿ.

ಸಾಮಾನು ಹೋಗದ ಆಟದಲ್ಲಿ ಪಣವೇ ಇಲ್ಲ ಅಂತ ತಿಳಿಯಬೇಡಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಇನ್ನೊಬ್ಬ ಆಟಗಾರ ಕೊಂದರೆ ಏನೂ ಕಳೆಯುವುದಿಲ್ಲ, ಆತ್ಮವಾಗಿ ಹೆಣದ ತನಕ ನಡೆದುಬಂದರಾಯಿತು. 2005ರಲ್ಲಿ ತಂದ ಹಾನರ್ ಪದ್ಧತಿಯಲ್ಲಿ 14 ದರ್ಜೆಗಳಿದ್ದವು. ವಾರಕ್ಕೊಮ್ಮೆ ಎಲ್ಲರ ಅಂಕ ಹೋಲಿಸಿ ದರ್ಜೆ ಕೊಡುತ್ತಿದ್ದರು, ಆಡದೆ ಕೂತವನ ದರ್ಜೆ ಇಳಿಯುತ್ತಿತ್ತು. ತುದಿ ಮುಟ್ಟಬೇಕೆಂದವರು ನಿದ್ದೆ ಬಿಟ್ಟು ಆಡಿದರು. ಅಲ್ಲಿ ಪಣಕ್ಕಿಟ್ಟದ್ದು ಆಯುಷ್ಯದ ಗಂಟೆಗಳನ್ನು. ಮರುವರ್ಷದ ಕೊನೆಯಲ್ಲಿ ಆ ಪದ್ಧತಿಯನ್ನೇ ತೆಗೆದರು. ಗೇರ್ ನಷ್ಟಕ್ಕಿಂತ ಇದು ಕ್ರೂರ ಎಂದೇ ನನ್ನ ಅಭಿಪ್ರಾಯ.

ರೂನ್‌ಸ್ಕೇಪ್ ನಡುದಾರಿ ಹಿಡಿಯಿತು. ಅದರ ವೈಲ್ಡರ್ನೆಸ್ ಎಂಬ ಕಾಳಗದ ವಲಯದಲ್ಲಿ ಸತ್ತರೆ ಅತಿ ಬೆಲೆಯ ಮೂರು ವಸ್ತು ನಿಮ್ಮಲ್ಲೇ ಉಳಿಯುತ್ತಿದ್ದವು. ತಾನಾಗಿ ಇನ್ನೊಬ್ಬರ ಮೇಲೆ ಬಿದ್ದವನ ತಲೆಮೇಲೆ ಬುರುಡೆಯ ಗುರುತು ಮೂಡುತ್ತಿತ್ತು, ಅವನಿಗೆ ಆ ಮೂರೂ ಉಳಿಯುತ್ತಿರಲಿಲ್ಲ. ಮೊದಲು ಕೈ ಎತ್ತಿದವನ ಪಣ ಹೆಚ್ಚು. ಇಷ್ಟು ಸರಳವಾಗಿ, ಇಷ್ಟು ನ್ಯಾಯವಾಗಿ ಈ ವಿಷಯವನ್ನು ಇತ್ಯರ್ಥ ಮಾಡಿದ ಇನ್ನೊಂದು ನಿಯಮ ನಾನು ಕಂಡಿಲ್ಲ. 2007ರ ಡಿಸೆಂಬರಿನಲ್ಲಿ ಅಲ್ಲಿನ ಕಾಳಗವನ್ನೇ ತೆಗೆದರು. ಬೇಕೆಂದೇ ಸತ್ತು ಸಾಮಾನು ದಾಟಿಸಿ ಹೊರಗೆ ನಿಜವಾದ ದುಡ್ಡಿಗೆ ಮಾರುವ ದಂಧೆಗೆ ಅದು ದಾರಿಯಾಗಿತ್ತು. ಆಟಗಾರರ ಮತ ಕೇಳಿ 2011ರ ಫೆಬ್ರವರಿಯಲ್ಲಿ ಹಿಂದಕ್ಕೆ ತಂದರು.

ಅರೀನಾ (ಬೇರೆಯಾಗಿಟ್ಟ ಕಣದ) ಪಂದ್ಯಗಳ ರೇಟಿಂಗ್ ಬಗ್ಗೆ ಚಿಕ್ಕದಾಗಿ. ಚದುರಂಗದ ಈಲೋ ಸೂತ್ರದಲ್ಲಿ ಒಂದು ಪಂದ್ಯದ ತೂಕ 32 ಎಂದಿಟ್ಟರೆ, 1600 ರೇಟಿಂಗಿನವನು 1400ರವನನ್ನು ಸೋಲಿಸಿದಾಗ ಸಿಗುವುದು ಸುಮಾರು 8 ಅಂಕ, ಸೋತರೆ ಹೋಗುವುದು ಸುಮಾರು 24. ಬಲವಿದ್ದವನ ಪಣವನ್ನು ಸೂತ್ರವೇ ಏರಿಸುತ್ತದೆ. ಬಯಲಿನ ಕಾಳಗದಲ್ಲಿ ಸಿಗದ ಈ ಸಮತೋಲ ಅರೀನಾದಲ್ಲಿ ಸಲೀಸಾಗಿ ಸಿಗುತ್ತದೆ.

ಇನ್ನು ಮನಸ್ಸಿನ ಲೆಕ್ಕ. ಮನಃಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲಿ ತೋರಿಸಿದಂತೆ ಕಳೆದುಕೊಂಡದ್ದರ ನೋವು ಅಷ್ಟೇ ಗಳಿಸಿದ್ದರ ಖುಷಿಗಿಂತ ದೊಡ್ಡದು. 1992ರ ಅವರ ಲೇಖನದ ಅಂದಾಜು 2.25 ಪಟ್ಟು. ಮೇಲಿನ ಅದಿರಿನವನಿಗೆ ಲೆಕ್ಕದಲ್ಲಿ ಲಾಭವಿದ್ದರೂ ಒಂದು ಸಾವಿಗೇ ಆಟ ಡಿಲೀಟ್ ಮಾಡುವುದು ಇದಕ್ಕೇ. ಡಿಸೈನ್ ಮಾಡುವಾಗ ಬಹುಮಾನವನ್ನು ನಷ್ಟಕ್ಕೆ ಸರಿಸಮ ಇಟ್ಟರೆ ಆಟಗಾರನಿಗೆ ಅದು ಅರ್ಧಕ್ಕಿಂತ ಕಡಿಮೆ ಕಾಣುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಮುಂದಿನ ಸಲ ಸೇರುವಾಗ ಇದನ್ನು ಮಾಡಿಕೊಂಡು ಬನ್ನಿ: ವೇಗದ ಕುದುರೆ ಕೊಂಡದ್ದರಿಂದ ಮೈಮೇಲಿನ ಪಣ 20 ಸಾವಿರದಿಂದ 50 ಸಾವಿರಕ್ಕೆ ಏರಿತು, ಸಾವು ಹತ್ತರಲ್ಲಿ ಒಂದರಿಂದ 20ರಲ್ಲಿ ಒಂದಕ್ಕೆ ಇಳಿಯಿತು. ಹಿಂತಿರುಗುವ ಗೆರೆ ಎಲ್ಲಿಗೆ ಹೋಗುತ್ತದೆ? ನನಗೆ ಬಂದದ್ದು 1 ಲಕ್ಷ 40 ಸಾವಿರ. ಐದು ಜನರ ಗುಂಪಿಗೆ ಆಗ ಈ ಹೊರೆಗಾರನ ಮೇಲೆ ಬೀಳುವುದು ಎಷ್ಟು ಲಾಭ ಅನ್ನುವುದನ್ನೂ ತೆಗೆದು ನೋಡಿ.