ಕಾರು ಓಡಿದರೂ ಕ್ಯಾರವಾನಿನ ಬ್ಯಾಟರಿ ಯಾಕೆ ತುಂಬುವುದಿಲ್ಲ?

"ಐದಾರು ಗಂಟೆ ಎಳೆದುಕೊಂಡು ಬಂದಿದ್ದೀವಿ. ಆದರೂ ರಾತ್ರಿ ಊಟ ಮುಗಿಯೋ ಹೊತ್ತಿಗೆ ಕ್ಯಾರವಾನಿನ ಲೈಟು ಮಂಕಾಗುತ್ತೆ. ಬ್ಯಾಟರಿ ಹೋಗಿದೆ ಅನ್ಸುತ್ತೆ, ಬೇರೆ ಹಾಕಿಬಿಡಿ." ವಾಹನಗಳ ವೈರಿಂಗ್ ಕೆಲಸ ಮಾಡುವ ನನಗೆ, ಕಾರಿನ ಹಿಂದೆ ಕ್ಯಾರವಾನ್ (ಚಕ್ರದ ಮೇಲಿನ ಪುಟ್ಟ ಮನೆ) ಕಟ್ಟಿಕೊಂಡು ಸುತ್ತುವವರಿಂದ ಈ ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ಬ್ಯಾಟರಿ ಬದಲಿಸುವುದು ದೊಡ್ಡ ಕೆಲಸವೇನಲ್ಲ. ಆದರೂ ನಾನು ಮೊದಲು ಕೈಗೆ ತೆಗೆದುಕೊಳ್ಳುವುದು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್. ಹೀಗೆ ಬರುವ ಎಷ್ಟೋ ಬ್ಯಾಟರಿಗಳು ಕೆಟ್ಟಿರುವುದೇ ಇಲ್ಲ, ಅವಕ್ಕೆ ಸರಿಯಾಗಿ ಚಾರ್ಜ್ ಸಿಕ್ಕಿರುವುದಿಲ್ಲ ಅಷ್ಟೆ. ಕಾರಣ ಹುಡುಕದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ. ಲೆಡ್ ಆಸಿಡ್ ಬ್ಯಾಟರಿಯನ್ನು ಸದಾ ಅರೆಬರೆ ಚಾರ್ಜಿನಲ್ಲೇ ಇಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಅದು ನಿಜವಾಗಿಯೂ ಕೆಡುತ್ತದೆ.

12 ವೋಲ್ಟ್ ಬ್ಯಾಟರಿ ಅಂತ ಕರೆದರೂ, ಪೂರ್ತಿ ತುಂಬಿ ಸುಮ್ನೆ ಕೂತಿರುವ ಲೆಡ್ ಆಸಿಡ್ ಬ್ಯಾಟರಿ 12.7 ವೋಲ್ಟ್ ತೋರಿಸುತ್ತದೆ. ಅರ್ಧ ಖಾಲಿಯಾದಾಗ 12.1 ಅಥವಾ 12.2. ಅದನ್ನು ಚೆನ್ನಾಗಿ ತುಂಬಬೇಕಾದರೆ ಅದರ ಟರ್ಮಿನಲ್ಲಿಗೆ 14.4 ವೋಲ್ಟ್‌ನಷ್ಟು ಸಿಗಬೇಕು. ಎರಡು ಟ್ಯಾಂಕುಗಳ ನಡುವೆ ನೀರು ಹರಿಯಬೇಕಾದರೆ ಮಟ್ಟದಲ್ಲಿ ವ್ಯತ್ಯಾಸ ಇರಬೇಕು ಅಲ್ವಾ? ಇಲ್ಲಿಯೂ ಹಾಗೆಯೇ. ವ್ಯತ್ಯಾಸ ಕಡಿಮೆಯಾದಷ್ಟೂ ಹರಿವು ಕಡಿಮೆ.

ಇಂಜಿನ್ ಓಡುವಾಗ ಕಾರಿನ ಆಲ್ಟರ್ನೇಟರ್, ಅಂದರೆ ಕರೆಂಟ್ ತಯಾರಿಸುವ ಯಂತ್ರ, ಕಾರಿನ ಬ್ಯಾಟರಿಯ ಹತ್ತಿರ 14.2 ವೋಲ್ಟ್ ಕೊಡುತ್ತಿದೆ ಅಂದುಕೊಳ್ಳಿ. ಅಲ್ಲಿಂದ ವೈರ್ ಕಾರಿನ ಉದ್ದಕ್ಕೂ ಹಿಂದಕ್ಕೆ ಬಂದು, ಪ್ಲಗ್ ದಾಟಿ, ಕ್ಯಾರವಾನಿನ ಒಳಗೆ ಹೋಗಬೇಕು. 7 ಮೀಟರ್ ಹೋಗಲು, 7 ಮೀಟರ್ ವಾಪಸ್ ಬರಲು. 2.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರಿನಲ್ಲಿ ಈ 14 ಮೀಟರಿಗೆ ಸುಮಾರು 0.1 ಓಮ್ ರೆಸಿಸ್ಟೆನ್ಸ್. 10 ಆಂಪ್ಸ್ ಹರಿದರೆ 1 ವೋಲ್ಟ್ ದಾರಿಯಲ್ಲೇ ಮಾಯ. ಅತ್ತ ತುದಿಯಲ್ಲಿ ಉಳಿಯುವುದು 13.2. ಬ್ಯಾಟರಿ ತುಂಬುತ್ತಾ ಬಂದಂತೆ ಕರೆಂಟ್ ಇಳಿಯುತ್ತದೆ, ಅದರ ಜೊತೆಗೆ ಡ್ರಾಪ್, ಅಂದರೆ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್, ಕೂಡ ಇಳಿಯುತ್ತದೆ ಅನ್ನುವುದು ನಿಜ. ಆದರೆ ಹೀಗೆ ತೆವಳುತ್ತಾ ತುಂಬಲು ಅದಕ್ಕೆ ಬೇಕಾದಷ್ಟು ಹೊತ್ತು ಯಾವ ಪ್ರಯಾಣದಲ್ಲೂ ಸಿಗುವುದಿಲ್ಲ.

ಇದರ ಮೇಲೆ ಫ್ರಿಜ್. ಗ್ಯಾಸಿನಲ್ಲೂ ಕರೆಂಟಿನಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್ ಇದ್ದರೆ, 12 ವೋಲ್ಟಿಗೆ ಹಾಕಿದಾಗ ಅದೊಂದೇ 10ರಿಂದ 15 ಆಂಪ್ಸ್ ಎಳೆಯುತ್ತದೆ. ಅದಕ್ಕಾಗಿಯೇ ಕಾರಿಗೂ ಕ್ಯಾರವಾನಿಗೂ ನಡುವಿನ ಯುರೋಪಿನ 13 ಪಿನ್ ಪ್ಲಗ್ಗಿನಲ್ಲಿ 9ನೇ ಪಿನ್ ಸದಾ ಇರುವ ಸಪ್ಲೈಗೆ, 10ನೆಯದು ಇಗ್ನಿಷನ್ ಆನ್ ಆದಾಗ ಬರುವ ಸಪ್ಲೈಗೆ. ಅವುಗಳ ಅರ್ತ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ, ಕೂಡ ಬೇರೆ ಬೇರೆ: 9ಕ್ಕೆ 13, 10ಕ್ಕೆ 11. ಕೆಲವರು ಕೆಲಸ ಉಳಿಸಲು ಎರಡೂ ಅರ್ತನ್ನು ಒಂದೇ ತೆಳು ವೈರಿಗೆ ಸೇರಿಸಿಬಿಡುತ್ತಾರೆ. ಆಗ ಫ್ರಿಜ್ಜಿನ ಕರೆಂಟಿನಿಂದ ಆಗುವ ಡ್ರಾಪು ಬ್ಯಾಟರಿಯ ತಲೆಗೂ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ನಿಮ್ಮ ಗಾಡಿಯಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಮಲ್ಟಿಮೀಟರ್ ಮತ್ತು ಒಂದು ಉದ್ದದ ವೈರ್ ಸಾಕು. ಇಂಜಿನ್ ಸ್ಟಾರ್ಟ್ ಮಾಡಿ, ಫ್ರಿಜ್ ಆನ್ ಮಾಡಿ. ಮೀಟರಿನ ಒಂದು ವೈರಿನ ಮೊನೆ ಕಾರಿನ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಉದ್ದದ ವೈರಿನ ಮೂಲಕ ಕ್ಯಾರವಾನ್ ಬ್ಯಾಟರಿಯ ಪ್ಲಸ್ಸಿಗೆ. ಮೀಟರ್ ತೋರಿಸುವುದೇ ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜ್. ಆಮೇಲೆ ಮೈನಸ್ಸಿನಿಂದ ಮೈನಸ್ಸಿಗೆ ಇದನ್ನೇ ಮಾಡಿ. ಈ ಎರಡನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ತೊಂದರೆ ಎಷ್ಟೋ ಸಲ ಅಲ್ಲೇ ಇರುತ್ತದೆ. ಒಂದು ಗಂಟೆ ಓಡಿಸಿ ನಿಲ್ಲಿಸಿದಾಗ ಪ್ಲಗ್ಗನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಬಿಚ್ಚಿ. ಪಿನ್ನಿನ ಬುಡದಲ್ಲಿ ಹಸಿರು ಕಿಲುಬು, ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುವುದು ಕಂಡರೆ ಆ ಪ್ಲಗ್ಗನ್ನು ಉಜ್ಜಿ ಬಳಸಬೇಡಿ, ಬದಲಿಸಿ.

ಈಗಿನ ಕಾರುಗಳು ಇನ್ನೊಂದು ತೊಡಕು ತಂದಿವೆ. ಹಳೆಯ ಆಲ್ಟರ್ನೇಟರ್ ಇಂಜಿನ್ ಓಡುತ್ತಿರುವಷ್ಟು ಹೊತ್ತೂ 14 ವೋಲ್ಟಿನ ಆಸುಪಾಸು ಕೊಡುತ್ತಿತ್ತು. ಸ್ಮಾರ್ಟ್ ಆಲ್ಟರ್ನೇಟರ್ ಹಾಗಲ್ಲ. ಇಂಧನ ಉಳಿಸಲೆಂದು ಇಂಜಿನ್ನಿನ ಕಂಪ್ಯೂಟರ್ ಅದನ್ನು ಹಿಡಿತದಲ್ಲಿ ಇಟ್ಟುಕೊಂಡಿರುತ್ತದೆ. ಕಾರಿನ ಬ್ಯಾಟರಿಗೆ ಸಾಕಾಯಿತು ಅನಿಸಿದಾಗ ವೋಲ್ಟೇಜನ್ನು 12.5ರ ಹತ್ತಿರಕ್ಕೂ ಇಳಿಸುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದಾಗ 15ರವರೆಗೂ ಏರಿಸುತ್ತದೆ. ಇಂಥ ಕಾರಿಗೆ ಸಾದಾ ಸ್ಪ್ಲಿಟ್ ಚಾರ್ಜ್ ರಿಲೇ (ಎರಡು ಬ್ಯಾಟರಿಗಳನ್ನು ಜೋಡಿಸಿ ಬಿಡಿಸುವ ತಾನಾಗಿ ನಡೆಯುವ ಸ್ವಿಚ್) ಹಾಕಿದರೆ ಪ್ರಯೋಜನ ಇಲ್ಲ. ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇಗಳು ಸಾಮಾನ್ಯವಾಗಿ 13.3ಕ್ಕೆ ಸೇರಿಕೊಂಡು 12.8ಕ್ಕೆ ಬಿಡುತ್ತವೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ, ಅಂದರೆ ಚಾರ್ಜ್ ಆಗಬೇಕಾದ ಹೊತ್ತಿನಲ್ಲೇ, ಅವು ಬಿಟ್ಟುಕೊಂಡಿರುತ್ತವೆ.

ಹಾಗಾಗಿ ನಾನು ಹೇಳುವುದು ಒಂದೇ: ಡಿಸಿ–ಡಿಸಿ ಚಾರ್ಜರ್ ಹಾಕಿಸಿ, ಅದನ್ನು ಕ್ಯಾರವಾನಿನ ಬ್ಯಾಟರಿಯ ಪಕ್ಕದಲ್ಲೇ ಕೂರಿಸಿ. ತನ್ನ ಕಡೆಗೆ 12 ವೋಲ್ಟ್ ಬಂದರೂ ಅದು ಮೇಲಕ್ಕೆತ್ತಿ, ಬ್ಯಾಟರಿಗೆ ಬೇಕಾದ 14.4 ಕೊಡುತ್ತದೆ, ತುಂಬಿದ ಮೇಲೆ ತಾನೇ ಇಳಿಸುತ್ತದೆ. ಸ್ಮಾರ್ಟ್ ಆಲ್ಟರ್ನೇಟರ್ ಇದ್ದರೆ ಚಾರ್ಜರ್ ಆನ್ ಆಗಲು ಇಗ್ನಿಷನ್ ವೈರನ್ನೂ ಕೊಡಿ. ಬರೀ ವೋಲ್ಟೇಜ್ ನೋಡಿ ಆನ್ ಆಗುವಂತೆ ಬಿಟ್ಟರೆ ಅದಕ್ಕೂ ರಿಲೇಯ ಗೊಂದಲವೇ.

ಆದರೆ ಈ ಚಾರ್ಜರ್ ಹಾಕಿದ ಮಾತ್ರಕ್ಕೆ ವೈರಿನ ಪ್ರಶ್ನೆ ಮುಗಿಯುವುದಿಲ್ಲ, ಇನ್ನೂ ದೊಡ್ಡದಾಗುತ್ತದೆ. 20 ಆಂಪ್ಸ್ ಚಾರ್ಜರ್ 14.4 ವೋಲ್ಟಿನಲ್ಲಿ ಕೊಡುವುದು 288 ವಾಟ್. ನೂರಕ್ಕೆ ಹತ್ತು ಭಾಗ ಬಿಸಿಯಾಗಿ ಹೋಯಿತು ಅಂದರೆ ಅದು 320 ವಾಟ್ ಎಳೆಯಬೇಕು. ಒಳಕ್ಕೆ ಬರುವುದು 11.5 ವೋಲ್ಟ್ ಆದರೆ ಕರೆಂಟ್ 28 ಆಂಪ್ಸ್! ವೋಲ್ಟೇಜ್ ಬಿದ್ದಷ್ಟೂ ಅದು ಜಾಸ್ತಿ ಎಳೆಯುತ್ತದೆ, ಜಾಸ್ತಿ ಎಳೆದಷ್ಟೂ ವೋಲ್ಟೇಜ್ ಇನ್ನೂ ಬೀಳುತ್ತದೆ. ಇದನ್ನು ಹಳೆಯ 2.5ರ ವೈರಿಗೂ ಲೈಟಿನ ಪ್ಲಗ್ಗಿಗೂ ಕಟ್ಟಬಾರದು. 16 ಚದರ ಮಿಲಿಮೀಟರಿನ ಪ್ರತ್ಯೇಕ ವೈರ್ ಎಳೆದು, ದೊಡ್ಡ ಕರೆಂಟ್ ತಾಳುವ 50 ಆಂಪ್ಸಿನ ಆಂಡರ್ಸನ್ ಪ್ಲಗ್ ಹಾಕಿದರೆ ಅದೇ 28 ಆಂಪ್ಸಿಗೆ ಅರ್ಧ ವೋಲ್ಟೂ ಹೋಗುವುದಿಲ್ಲ. ಹೊಸ ವೈರ್ ಬೇಡ ಅನ್ನುವವರು ಚಿಕ್ಕ ಚಾರ್ಜರ್ ಆರಿಸಿಕೊಳ್ಳಲಿ.

ಫ್ಯೂಸ್ ಎರಡು ತುದಿಗೂ ಬೇಕು, ಎರಡೂ ಕಡೆ ಬ್ಯಾಟರಿಯ ಪ್ಲಸ್ಸಿಗೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ. ನಡುವೆ ಎಲ್ಲಿ ವೈರ್ ಗಾಡಿಯ ಲೋಹದ ಮೈಗೆ ತಗುಲಿದರೂ ಎರಡು ಬ್ಯಾಟರಿಗಳೂ ಬೆಂಕಿ ಹಚ್ಚಬಲ್ಲವು. ವೈರ್ ತಾಳುವಷ್ಟಕ್ಕಿಂತ ದೊಡ್ಡ ಫ್ಯೂಸ್ ಹಾಕಲೇಬೇಡಿ. ತಗಡಿನ ತೂತು ದಾಟುವ ಕಡೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಹಾಕುವ ಬಳೆ) ಇಲ್ಲದೆ ನಾನು ವೈರ್ ಎಳೆಯುವುದಿಲ್ಲ.

ಎಷ್ಟು ಹೊತ್ತಿಗೆ ತುಂಬುತ್ತದೆ? 100 ಆಂಪ್ ಅವರ್ ಬ್ಯಾಟರಿ ಅರ್ಧ ಖಾಲಿಯಾಗಿದ್ದರೆ, 20 ಆಂಪ್ಸ್ ಚಾರ್ಜರಿನಲ್ಲಿ ಎರಡು ಗಂಟೆಯೊಳಗೆ ನೂರಕ್ಕೆ ಎಂಬತ್ತರ ಹತ್ತಿರ ಬರುತ್ತದೆ. ಆಮೇಲಿನ ಇಪ್ಪತ್ತಕ್ಕೆ ಇನ್ನೂ ಹಲವು ಗಂಟೆ ಬೇಕು, ಲೆಡ್ ಆಸಿಡ್ ಬ್ಯಾಟರಿ ಕೊನೆಯಲ್ಲಿ ನಿಧಾನವಾಗಿಯೇ ತೆಗೆದುಕೊಳ್ಳುವುದು. ಆ ಉಳಿಕೆಯನ್ನು ಸೋಲಾರ್ ಪ್ಯಾನೆಲ್ಲಿಗೋ ಮೇನ್ಸ್ ಚಾರ್ಜರಿಗೋ ಬಿಡುವುದು ಒಳ್ಳೆಯದು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸುವವರಿಗೆ ಡಿಸಿ–ಡಿಸಿ ಚಾರ್ಜರ್ ಬೇಕೇ ಬೇಕು ಅನ್ನುತ್ತೇನೆ. ಆ ಬ್ಯಾಟರಿ ಕೊಟ್ಟಷ್ಟನ್ನೂ ನುಂಗುತ್ತದೆ. ನೇರವಾಗಿ ಕಟ್ಟಿದರೆ ಆಲ್ಟರ್ನೇಟರ್ ಕಾದು ಸುಡಬಹುದು. ಅದರಲ್ಲೂ ನಿಂತಲ್ಲೇ ಇಂಜಿನ್ ಓಡಿಸುವಾಗ, ಏಕೆಂದರೆ ಆಗ ಅದರ ಫ್ಯಾನ್ ನಿಧಾನಕ್ಕೆ ತಿರುಗುತ್ತಿರುತ್ತದೆ. ಬ್ಯಾಟರಿಯ ಉಷ್ಣತೆ 0 ಡಿಗ್ರಿಗಿಂತ ಕೆಳಗಿದ್ದರೆ ಅದನ್ನು ಚಾರ್ಜ್ ಮಾಡಲೇಬಾರದು. ಬ್ಯಾಟರಿಯೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ಸ್) ಚಳಿಯಲ್ಲಿ ಚಾರ್ಜನ್ನು ತಾನಾಗಿ ತಡೆಯುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಿ.